ಅಜ್ಜಿ ಎದ್ದು ನಕ್ಕ ಶಾಟ್

ದೆವ್ವ, ಭೂತ, ಸತ್ತವರು ಕನಸಿನಲ್ಲಿ ಬಂದು ಮಾತಾಡುವುದು, ಇವು ಯಾವುದರಲ್ಲೂ ನನಗೆ ನಂಬಿಕೆ ಇರಲಿಲ್ಲ. ನಂಬುವವರನ್ನು ಕಂಡರೆ ಗೇಲಿ ಮಾಡುವ ಚಟ ಬೇರೆ ಇತ್ತು. ಪಂಚಾಂಗ ನೋಡದೆ ಹೊಸ ಬಟ್ಟೆಯ ಮಡಿಕೆ ಬಿಚ್ಚದ ಮನೆ ನಮ್ಮದು. ಆ ಮನೆಯಲ್ಲಿ ಹುಟ್ಟಿಯೂ ನಾನೊಬ್ಬ ಇದನ್ನೆಲ್ಲ ದಾಟಿದವನು ಎಂಬ ಜಂಬ ನನಗಿತ್ತು.

ಇಂಥ ಅನುಭವ ಬರೆಯುವವರು ಅಮಾವಾಸ್ಯೆ, ನಡುರಾತ್ರಿ, ನಾಯಿ ಊಳಿಟ್ಟಿದ್ದು ಎಂದು ಶುರು ಮಾಡುತ್ತಾರೆ. ನನಗೆ ಆದದ್ದು ಮಧ್ಯಾಹ್ನ ಮೂರು ಗಂಟೆಗೆ, ಕಾಲೇಜಿನ ಎಡಿಟಿಂಗ್ ಲ್ಯಾಬಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ. ನೀವು ನಂಬಲೇಬೇಕೆಂದು ಬರೆಯುತ್ತಿಲ್ಲ. ನಂಬದಿದ್ದರೆ ನನಗೇ ಒಳ್ಳೆಯದು, ಏಕೆಂದರೆ ಇದರಲ್ಲಿ ವಿಚಿತ್ರಕ್ಕಿಂತ ನನ್ನ ಮಾನ ಹೋಗುವ ಭಾಗವೇ ಜಾಸ್ತಿ.

ಕೆಲವು ವರ್ಷಗಳ ಹಿಂದೆ ಮೈಸೂರಿನ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದೆ. ಕೊನೆಯ ವರ್ಷ ನಮ್ಮನ್ನು ಮೂವರು ಮೂವರ ತಂಡ ಮಾಡಿ, ಒಂದು ಸಿನಿಮಾದ ಮೊದಲ ಎರಡು ನಿಮಿಷವನ್ನು ಮಾತ್ರ ಚಿತ್ರಿಸಿ ತನ್ನಿ ಎಂದರು. ಪೂರ್ತಿ ಸಿನಿಮಾ ಬೇಡ, ಆರಂಭ ಸಾಕು. ನಾನು ಹಾರರ್ ಆರಿಸಿಕೊಂಡೆ. ಹೆದರಿಕೆಯಿಲ್ಲದವನು ಹೆದರಿಸುವುದು ಸುಲಭ ಎಂದು ಆಗ ತಿಳಿದಿದ್ದೆ.

ತಂಡದಲ್ಲಿ ನಾನು, ಬನ್ನಿಮಂಟಪದ ನಯನಾ, ಇಲವಾಲದ ಸಿದ್ದರಾಜು. ನಯನಾ ನಟಿಸಬೇಕು, ಆಮೇಲೆ ಎಡಿಟಿಂಗಿಗೆ ಕೂರಬೇಕು. ಸಿದ್ದುವಿಗೆ ಕ್ಯಾಮೆರಾ ಹಿಡಿಯುವ ಆಸೆ ಇತ್ತು. ಅವನ ಕಣ್ಣು ನಮ್ಮ ತರಗತಿಗೇ ಒಳ್ಳೆಯದಾಗಿತ್ತು, ಹಳೆಯ ಮೊಬೈಲಿನಲ್ಲಿ ಅವನು ತೆಗೆಯುತ್ತಿದ್ದ ಫೋಟೋಗಳನ್ನು ನೋಡಿದ ಯಾರಿಗಾದರೂ ಅದು ಗೊತ್ತಾಗುತ್ತಿತ್ತು. ನಾನು ಅವನ ಕೈಗೆ ಬಿಳಿ ಥರ್ಮೋಕೋಲ್ ಹಲಗೆ ಕೊಟ್ಟು ಬೆಳಕು ತಿರುಗಿಸಲು ನಿಲ್ಲಿಸಿದೆ. ಕತೆ, ಕ್ಯಾಮೆರಾ, ನಿರ್ದೇಶನ ಮೂರೂ ನನ್ನವು. ಅವನು ಜಗಳವಾಡಲಿಲ್ಲ. ಜಗಳವಾಡದವರ ಮೇಲೆ ಸವಾರಿ ಮಾಡುವುದು ನನಗೆ ಆಗ ಅಭ್ಯಾಸವಾಗಿತ್ತು.

ದೃಶ್ಯ ಇಷ್ಟೇ. ಮೊಮ್ಮಗಳು ಊರಿಂದ ಬಂದು ಬಾಗಿಲು ತೆಗೆಯುತ್ತಾಳೆ. ಒಳಗೆ ಅಜ್ಜಿ ಸತ್ತು ಮಲಗಿದ್ದಾಳೆ, ತಲೆಯ ಹತ್ತಿರ ದೀಪ ಉರಿಯುತ್ತಿದೆ. ದೀಪ ಹಚ್ಚಿದವರು ಯಾರು ಎಂಬಲ್ಲಿಗೆ ಎರಡು ನಿಮಿಷ ಮುಗಿಯಬೇಕು. ಇದಕ್ಕೆ ಒಂದು ಹಳೆಯ ಮನೆ, ಒಬ್ಬ ಮುದುಕಿ ಬೇಕಾಗಿತ್ತು. ನಮ್ಮ ಮನೆ ಕುವೆಂಪುನಗರದ ಎರಡಂತಸ್ತಿನ ಟೈಲ್ಸ್ ಮನೆ, ಅಲ್ಲಿ ದೆವ್ವಕ್ಕೂ ಕಾಲು ಜಾರುತ್ತದೆ. ನಮ್ಮಜ್ಜಿಯನ್ನು ಹೆಣದ ಹಾಗೆ ಮಲಗು ಎಂದು ಕೇಳುವ ಧೈರ್ಯವೂ ನನಗಿರಲಿಲ್ಲ. ಆದರೆ ಸಿದ್ದುವಿನ ಅಜ್ಜಿಯನ್ನು ಕೇಳಲು ನನಗೆ ಏನೂ ಅನ್ನಿಸಲಿಲ್ಲ. ಇದನ್ನು ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಅವತ್ತು ಆಗಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಎರಡು ಸ್ಕೂಟರಿನಲ್ಲಿ ಸಾಮಾನು ಹೇರಿಕೊಂಡು ಇಲವಾಲಕ್ಕೆ ಹೋದೆವು. ಸಿದ್ದುವಿನ ತಾಯಿ ಜಯಮ್ಮ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ಅವತ್ತು ಅವರಿಗೆ ಹಗಲು ಪಾಳಿ. ಮನೆಯಲ್ಲಿ ಅಜ್ಜಿ ಕೆಂಪಮ್ಮ ಒಬ್ಬರೇ. ಎಂಬತ್ತು ದಾಟಿದ್ದರೂ ಗಟ್ಟಿ ಜೀವ, ಬಾಯಲ್ಲಿ ಎಲೆಯಡಿಕೆ. ನನ್ನನ್ನು ಮಗ ಮಗ ಎಂದೇ ಕರೆದರು. ಚಿಕ್ಕಂದಿನಲ್ಲಿ ಅವರು ಮೈಸೂರಿನ ಒಂದು ಸಿನಿಮಾ ಸ್ಟುಡಿಯೋದಲ್ಲಿ ಕೂಲಿಗೆ ಹೋಗುತ್ತಿದ್ದರಂತೆ. ಸೆಟ್ಟಿಗೆ ಮಣ್ಣು ಹೊತ್ತು, ಜನ ಕಡಿಮೆ ಬಿದ್ದಾಗ ಸಂತೆಯ ದೃಶ್ಯದಲ್ಲಿ ಸೊಪ್ಪು ಮಾರಿದ್ದರಂತೆ. ಕ್ಯಾಮೆರಾ ಕಂಡು ಅವರಿಗೆ ನನಗಿಂತ ಹೆಚ್ಚು ಖುಷಿಯಾಗಿತ್ತು.

ಅವರ ಮಂಚದ ಎದುರು ಗೋಡೆಯಲ್ಲಿ, ಬಾಗಿಲ ಪಕ್ಕಕ್ಕೆ, ಬುದ್ಧನ ಒಂದು ಪಟವಿತ್ತು. ಸಿದ್ದುವಿನ ತಂದೆ ಬದುಕಿದ್ದಾಗ ತಂದು ಹಾಕಿದ್ದು. ಬೆಳಿಗ್ಗೆ ಕಣ್ಣು ಬಿಟ್ಟರೆ ಮೊದಲು ಅದು ಕಾಣಬೇಕು ಎಂದು ಅಜ್ಜಿಯೇ ಮಂಚವನ್ನು ಅಲ್ಲಿಗೆ ಎಳೆಸಿದ್ದರಂತೆ. ನಯನಾ ಬಾಗಿಲು ತೆಗೆದು ಬರುವ ಶಾಟಿನಲ್ಲಿ ಆ ಪಟ ಕಾಣುತ್ತಿತ್ತು. ತೆಗೆದುಬಿಡೋಣ, ಬುದ್ಧ ಅಷ್ಟು ಶಾಂತವಾಗಿ ಕೂತಿದ್ದರೆ ಯಾರು ಹೆದರುತ್ತಾರೆ ಎಂದು ತಮಾಷೆ ಮಾಡಿದೆ. ಸಿದ್ದು ತಡವರಿಸಿದ. ಅವನು ಬಾಯಿ ಬಿಡುವ ಮೊದಲೇ ನಾನು ಸ್ಟೂಲ್ ಹತ್ತಿ ಪಟ ಇಳಿಸಿ, ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಇಟ್ಟುಬಂದೆ. ಗೋಡೆಯ ಮೇಲೆ ಒಂದು ಮೊಳೆ, ಅದರ ಕೆಳಗೆ ಬಣ್ಣ ಮಾಸದ ಚೌಕ ಉಳಿಯಿತು. ಸ್ವಲ್ಪ ಹೊತ್ತಿಗೆ ನೀರು ಕುಡಿಯಲು ಒಳಗೆ ಹೋದಾಗ ಅಜ್ಜಿ ಪಟವನ್ನು ಸೆರಗಿನಿಂದ ಒರೆಸಿ, ಮುಖ ಈಚೆಗೆ ತಿರುಗಿಸಿ ಇಡುತ್ತಿದ್ದರು.

ಕಿಟಕಿಗಳಿಗೆ ಕಂಬಳಿ ಕಟ್ಟಿ ಹಗಲನ್ನು ರಾತ್ರಿ ಮಾಡಿದೆವು. ಮೊಬೈಲುಗಳನ್ನೆಲ್ಲ ಆಫ್ ಮಾಡಿಸಿ ಒಂದು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿದೆ. ನಡುವೆ ಯಾವುದಾದರೂ ಬಡಿದುಕೊಂಡರೆ ಶಾಟ್ ಹಾಳಾಗುತ್ತದೆ ಎಂಬ ಭಯ. ನಮ್ಮ ಮನೆಯಿಂದ ಹಿತ್ತಾಳೆ ದೀಪ, ಕುಂಕುಮ, ಚಾಪೆ ತಂದಿದ್ದೆ. ನಮ್ಮಲ್ಲಿ ಸತ್ತವರಿಗೆ ಏನೇನು ಮಾಡುತ್ತಾರೋ ಅದನ್ನೆಲ್ಲ ಆ ಮನೆಯಲ್ಲಿ ಜೋಡಿಸಿದೆ. ಅಜ್ಜಿ ನೋಡಿ ನಕ್ಕರು. ನಮ್ಮ ಕೇರಿಯಲ್ಲಿ ಸತ್ತವರನ್ನು ಕೂರಿಸಿ ಹೂ ಹಾಕುತ್ತೇವೆ, ಮಲಗಿಸುವುದಿಲ್ಲ ಎಂದರು. ಮಲಗಿದರೆ ಫ್ರೇಮ್ ಚೆನ್ನಾಗಿ ಬರುತ್ತದೆ ಎಂದೆ. ಸರಿ ಎಂದು ಮಲಗಿದರು. ಮೂಗಿಗೆ ಹತ್ತಿ ಇಡಿಸಿಕೊಳ್ಳುವಾಗ ಮಾತ್ರ ನನ್ನ ಕೈ ಹಿಡಿದು ಒಂದು ಮಾತು ಹೇಳಿದರು.

"ಸತ್ತಂಗೆ ಮಲಗ್ಸಿದ್ ಮ್ಯಾಲೆ ಅಂಗೇ ಬುಟ್ಬುಟ್ಟು ಹೋಗ್ಬಾರ್ದು ಕಣಪ್ಪ. ಎದ್ದು ನಗೋದ್ನೂ ಒಂದು ತಗೀಬೇಕು. ಆ ಸ್ಟುಡಿಯೋದಲ್ಲಿ ಅದ ತಗ್ದೇ ಅನ್ನ ಇಕ್ತಿದ್ದಿದ್ದು."

ಇದು ಸಿನಿಮಾದವರಲ್ಲಿ ಈಗಲೂ ಇರುವ ಪದ್ಧತಿ. ಸತ್ತ ಪಾತ್ರ ಮಾಡಿದವರನ್ನು ಎಬ್ಬಿಸಿ, ನಗಿಸಿ, ಅದನ್ನೂ ಚಿತ್ರಿಸಿ ಕೆಲಸ ಮುಗಿಸುತ್ತಾರೆ. ನಾನು ಕೇಳಿ ತಿಳಿದಿದ್ದೆ. ಆಯ್ತು ಅಜ್ಜಿ, ತೆಗೆಯುತ್ತೇನೆ ಎಂದು ಮಾತು ಕೊಟ್ಟೆ.

ಅಜ್ಜಿ ಅದ್ಭುತವಾಗಿ ಮಲಗಿದರು. ಉಸಿರು ಹಿಡಿದರೆ ಎದೆ ಅಲುಗುತ್ತಿರಲಿಲ್ಲ. ನಾನೇ ಒಂದೊಂದನ್ನೂ ಎಂಟು ಹತ್ತು ಸಲ ತೆಗೆದೆ. ಎಲ್ಲ ಮುಗಿಯುವ ಹೊತ್ತಿಗೆ ಮಧ್ಯಾಹ್ನ ತಿರುಗಿತ್ತು, ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲಿ ನಾಲ್ಕೇ ನಿಮಿಷದ ಜಾಗ ಉಳಿದಿತ್ತು. ಹೊರಗಿನಿಂದ ಬಾಗಿಲು ಮುಚ್ಚಿಕೊಳ್ಳುವ ಕೊನೆಯ ಶಾಟ್ ಇನ್ನೂ ಬಾಕಿ. ಅದು ಎಷ್ಟು ಸಲ ಕೆಡುತ್ತದೋ ಎಂದು ನನಗೆ ಚಡಪಡಿಕೆ.

ಆಗ ಸಿದ್ದು, "ಅಜ್ಜಿ ಏಳೋದು ತಗೋ ಕಣೋ, ಮರೀಬೇಡ" ಎಂದ.

ಇಲ್ಲ ಎನ್ನಲು ಮುಖವಿಲ್ಲ, ಜಾಗ ಖರ್ಚು ಮಾಡಲು ಮನಸ್ಸಿಲ್ಲ. ನಾನು ಗೋಡೆಗೆ ಬೆನ್ನು ಕೊಟ್ಟು, ಆ ಮೊಳೆಯ ಕೆಳಗೆ ನಿಂತು ಕ್ಯಾಮೆರಾ ಎತ್ತಿದೆ. ರೆಡಿ ಎಂದೆ. ಆ್ಯಕ್ಷನ್ ಎಂದೆ. ಬಟನ್ ಒತ್ತಲಿಲ್ಲ. ರೆಕಾರ್ಡ್ ಆಗುತ್ತಿದ್ದರೆ ಸ್ಕ್ರೀನಿನ ಮೂಲೆಯಲ್ಲಿ ಕೆಂಪು ಚುಕ್ಕೆ ಕಾಣುತ್ತದೆ. ಅದು ಕಾಣಲಿಲ್ಲ, ನಾನು ಚೆನ್ನಾಗಿ ನೋಡಿದ್ದೇನೆ. ಅಜ್ಜಿ ಮೂಗಿನ ಹತ್ತಿ ತೆಗೆದು ಎದ್ದು ಕೂತರು. ಬೊಚ್ಚು ಬಾಯಿ ತೆರೆದು ನಕ್ಕರು. "ಎದ್ದೆ ಕಣ್ರಪ್ಪ, ನಾನು ಎದ್ದೆ" ಎಂದರು. ಅವರ ದೃಷ್ಟಿ ಲೆನ್ಸಿಗೆ ಸರಿಯಾಗಿ ಕೂಡದೆ ನನ್ನ ತಲೆಯಿಂದ ಸ್ವಲ್ಪ ಮೇಲೆ ಹೋಗಿತ್ತು. ವಯಸ್ಸಾದ ಕಣ್ಣು, ಕ್ಯಾಮೆರಾ ಎಲ್ಲಿದೆ ಎಂದು ತಿಳಿಯಲಿಲ್ಲ ಎಂದುಕೊಂಡೆ. ಕಟ್, ಸೂಪರ್ ಅಜ್ಜಿ ಎಂದೆ. ಸಿದ್ದು ಥರ್ಮೋಕೋಲ್ ಕೆಳಗಿಟ್ಟು ಚಪ್ಪಾಳೆ ತಟ್ಟಿದ. ನಯನಾ ಹೊಸ್ತಿಲು ದಾಟಿ ಒಳಗೆ ನಿಂತು ನಗುತ್ತಿದ್ದಳು. ಆ ಕೋಣೆಯಲ್ಲಿ ನಾವು ನಾಲ್ವರಲ್ಲದೆ ಬೇರೆ ಯಾರೂ ಇರಲಿಲ್ಲ.

ಬಾಗಿಲಿನ ಶಾಟ್ ಎರಡನೆಯ ಸಲಕ್ಕೇ ಸರಿಯಾಯಿತು. ಕಾರ್ಡಿನಲ್ಲಿ ಎರಡು ನಿಮಿಷಕ್ಕೂ ಹೆಚ್ಚು ಜಾಗ ಹಾಗೇ ಉಳಿಯಿತು. ಅಜ್ಜಿ ನಮಗೆ ಮುದ್ದೆ, ಉಪ್ಪುಸಾರು ಬಡಿಸಿದರು. ಎದ್ದಿದ್ದು ಚೆನ್ನಾಗಿ ಬಂತಾ ಎಂದು ಎರಡು ಸಲ ಕೇಳಿದರು. ಬಂತು ಎಂದು ಎರಡು ಸಲವೂ ಹೇಳಿದೆ. ಪಟವನ್ನು ಮತ್ತೆ ಮೊಳೆಗೆ ಹಾಕುವುದನ್ನು ನಾನು ಮರೆತೆ. ನಾವು ಹೊರಟ ಮೇಲೆ ಸಿದ್ದು ಹಾಕಿರಬೇಕು.

ಎರಡು ದಿನ ಬಿಟ್ಟು ನಾನೊಬ್ಬನೇ ಲ್ಯಾಬಿನಲ್ಲಿ ಕೂತು ಕಾರ್ಡ್ ಹಾಕಿದೆ. ಉಳಿದಿಬ್ಬರೂ ಕ್ಯಾಂಟೀನಿಗೆ ಹೋಗಿದ್ದರು. ಫೈಲುಗಳನ್ನು ಒಂದೊಂದಾಗಿ ನೋಡುತ್ತ ಬಂದೆ. ನೂರ ನಲವತ್ತೇಳು, ಅಜ್ಜಿ ಹೆಣವಾಗಿ ಮಲಗಿದ ಕೊನೆಯ ಟೇಕ್. ಅದರ ಮುಂದೆ ಬಾಗಿಲಿನ ಶಾಟ್ ಬರಬೇಕಿತ್ತು. ಬಾಗಿಲಿನ ಮೊದಲ ಟೇಕ್ ನೂರ ನಲವತ್ತೊಂಬತ್ತರಲ್ಲಿತ್ತು. ನಡುವೆ ನೂರ ನಲವತ್ತೆಂಟು ಎಂಬ ಒಂದು ಫೈಲ್, ನಲವತ್ತೊಂದು ಸೆಕೆಂಡ್.

ತೆರೆದೆ. ಕೋಣೆ ಎತ್ತರದಿಂದ ಕಾಣುತ್ತಿತ್ತು, ಆ ಮೊಳೆಯಿದ್ದ ಗೋಡೆಯ ಮೇಲಿಂದ ಯಾರೋ ಸ್ವಲ್ಪ ತಲೆ ಬಗ್ಗಿಸಿ ನೋಡುತ್ತಿರುವ ಹಾಗೆ. ಕೆಳಗೆ, ಬೆನ್ನು ಈ ಕಡೆ ಮಾಡಿ, ಕ್ಯಾಮೆರಾ ಎತ್ತಿಕೊಂಡು ನಿಂತವನು ನಾನು. ನನ್ನ ನೀಲಿ ಶರ್ಟು, ನೆತ್ತಿಯ ಸುಳಿ ಎಲ್ಲ ಕಾಣುತ್ತಿದ್ದವು. ಎಡಕ್ಕೆ ಥರ್ಮೋಕೋಲ್ ಹಿಡಿದ ಸಿದ್ದು, ಬಲಕ್ಕೆ ಹೊಸ್ತಿಲು ದಾಟಿ ನಿಂತ ನಯನಾ. ನನ್ನ ಹೆಗಲ ಮೇಲಿಂದ ನನ್ನದೇ ಕ್ಯಾಮೆರಾದ ಸ್ಕ್ರೀನ್ ಕಾಣುತ್ತಿತ್ತು. ಅದರಲ್ಲಿ ಕೆಂಪು ಚುಕ್ಕೆ ಇರಲಿಲ್ಲ. ನನ್ನ ಹೆಬ್ಬೆರಳು ಬಟನ್ನಿನಿಂದ ದೂರ, ಆರಾಮಾಗಿ ಮಡಚಿಕೊಂಡಿತ್ತು.

ಅಜ್ಜಿ ಎದ್ದರು. ಹತ್ತಿ ತೆಗೆದರು. ನಕ್ಕರು. ಅವತ್ತು ನನ್ನ ತಲೆಯ ಮೇಲಕ್ಕೆ ಹೋಗಿದ್ದ ಆ ದೃಷ್ಟಿ ಇಲ್ಲಿ ನೇರವಾಗಿ, ಒಂದು ಎಳೆಯೂ ಆಚೀಚೆಯಾಗದೆ ಲೆನ್ಸಿಗೆ ಕೂಡಿತ್ತು. ಎದ್ದೆ ಕಣ್ರಪ್ಪ ಎಂದ ಮಾತು ಸ್ಪಷ್ಟವಾಗಿ ಕೇಳಿಸಿತು. ನಾನು ಕಟ್ ಎಂದದ್ದೂ ಕೇಳಿಸಿತು. ನನ್ನ ದನಿಯಲ್ಲಿದ್ದ ಸುಳ್ಳು ಅಷ್ಟು ಚೆನ್ನಾಗಿ ಕೇಳಿಸುತ್ತದೆಂದು ನನಗೆ ಗೊತ್ತಿರಲಿಲ್ಲ.

ನಿಜ ಹೇಳುತ್ತೇನೆ, ಆಗ ನನಗೆ ಆದ ಹೆದರಿಕೆ ಇದನ್ನು ಯಾರು ತೆಗೆದರು ಎಂದಲ್ಲ. ಸಿದ್ದು ಇದನ್ನು ನೋಡಿದರೆ ನನ್ನ ಗತಿ ಏನು ಎಂದು. ಕಾರಿಡಾರಿನಲ್ಲಿ ಅವರಿಬ್ಬರ ಮಾತು ಕೇಳಿಸಿತು. ನನಗೂ ಒಂದು ಟೀ ತರುತ್ತಿದ್ದರು. ನಾನು ಫೈಲನ್ನು ಆರಿಸಿ ಡಿಲೀಟ್ ಒತ್ತಿದೆ. ಖಚಿತವೇ ಎಂದು ಕಂಪ್ಯೂಟರ್ ಕೇಳಿತು. ಖಚಿತ ಎಂದೆ.

ನಯನಾ ಪಟ್ಟಿ ನೋಡುತ್ತ, ನಡುವೆ ನೂರ ನಲವತ್ತೆಂಟು ಎಲ್ಲಿ ಎಂದಳು. ಸುಮ್ಮನೆ ಕೇಳಿದ್ದು. ಅದು ತಪ್ಪಾಗಿ ಒತ್ತಿಹೋಗಿದ್ದು, ಬರೀ ನೆಲ ಬಂದಿತ್ತು, ಅಳಿಸಿದೆ, ಜಾಗ ಸಾಲದಲ್ಲ ಎಂದು ನಾಲ್ಕು ಕಾರಣ ಕೊಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಸಿದ್ದು ಟೀ ಲೋಟ ನನ್ನ ಮುಂದೆ ಇಟ್ಟು, ಅಜ್ಜಿ ಎದ್ದದ್ದನ್ನು ಆಮೇಲೆ ತೋರಿಸು ಎಂದ. ಎಡಿಟಿಂಗ್ ಮುಗಿಯಲಿ ಎಂದೆ.

ಶೂಟಿಂಗ್ ಆದ ಹನ್ನೊಂದನೆಯ ದಿನ ಕೆಂಪಮ್ಮ ತೀರಿಕೊಂಡರು. ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಇದಕ್ಕೂ ನಮ್ಮ ಶೂಟಿಂಗಿಗೂ ಗಂಟು ಹಾಕಲು ನಾನು ತಯಾರಿಲ್ಲ. ಮಾಗಿದ ಜೀವ, ನೋವಿಲ್ಲದೆ ಹೋಯಿತು ಎಂದು ಎಲ್ಲರೂ ಅಂದರು. ನಾವು ಹೋದಾಗ ಅವರನ್ನು ಗೋಡೆಗೆ ಒರಗಿಸಿ ಕೂರಿಸಿ, ಕುತ್ತಿಗೆ ತುಂಬ ಹೂ ಹಾಕಿದ್ದರು. ಅವರು ಹೇಳಿದ ಹಾಗೆಯೇ.

ವಾರದ ಮೇಲೆ ಸಿದ್ದು ನನ್ನನ್ನು ಹುಡುಕಿಕೊಂಡು ಬಂದ. ಮನೆಯಲ್ಲಿ ಅಜ್ಜಿಯ ನೆನಪಿನ ಕಾರ್ಯಕ್ರಮ, ಬೌದ್ಧ ಭಿಕ್ಷು ಭಂತೇಜಿ ಬರುತ್ತಾರೆ, ನೆಂಟರೆಲ್ಲ ಸೇರುತ್ತಾರೆ. ಅಲ್ಲಿ ಒಂದು ಟಿವಿ ಇಟ್ಟು ತೋರಿಸಬೇಕೆಂದು ಅವರಮ್ಮನ ಆಸೆಯಂತೆ.

"ಬೇರೆ ಎಲ್ಲದ್ರಲ್ಲೂ ಅಜ್ಜಿ ಸತ್ತೇ ಬಿದ್ದವ್ಳೆ ಕಣೋ," ಎಂದ. "ಎದ್ದಿದ್ದು ಒಂದು ಕೊಡು ಸಾಕು."

ಕಾರ್ಡ್ ಕೆಟ್ಟುಹೋಯಿತು, ಆ ಒಂದು ಫೈಲ್ ಮಾತ್ರ ತೆರೆಯಲಿಲ್ಲ ಎಂದೆ. ಪರವಾಗಿಲ್ಲ ಬುಡು ಎಂದ ಸಿದ್ದು. ಅವನು ಬೈದಿದ್ದರೆ ನಾನು ಎಲ್ಲ ಹೇಳಿಬಿಡುತ್ತಿದ್ದೆನೋ ಏನೋ. ಈಗ ಹಾಗೆ ಬರೆಯುವುದು ಸುಲಭ.

ಅವತ್ತೇ ನಾನು ಲ್ಯಾಬಿಗೆ ಓಡಿ ಆ ಕಾರ್ಡನ್ನು ಹುಡುಕಿ ತೆಗೆದೆ. ಅಳಿಸಿದ ಫೈಲುಗಳನ್ನು ವಾಪಸ್ ತರುವ ಸಾಫ್ಟ್‌ವೇರ್ ಹಾಕಿ ಸಂಜೆಯವರೆಗೆ ಕೂತೆ. ನಮಗಿಂತ ಮುಂಚೆ ಯಾರೋ ಅಳಿಸಿದ್ದ ವಾರ್ಷಿಕೋತ್ಸವದ ಕುಣಿತ ಬಂತು. ಯಾರದ್ದೋ ಸಂದರ್ಶನ ಬಂತು. ನಾನು ಶೂಟಿಂಗಿನ ದಿನ ಬೆಳಿಗ್ಗೆ ಪರೀಕ್ಷೆಗೆ ತೆಗೆದು ಅಳಿಸಿದ್ದ ಎರಡು ಶಾಟ್ ಬಂದವು. ನೂರ ನಲವತ್ತೆಂಟು ಬರಲಿಲ್ಲ. ಆಮೇಲೆ ಎರಡು ದಿನ ಇನ್ನೆರಡು ಸಾಫ್ಟ್‌ವೇರ್ ಹಾಕಿ ನೋಡಿದೆ. ಅಂಥ ಒಂದು ಫೈಲ್ ಆ ಕಾರ್ಡಿನಲ್ಲಿ ಎಂದೂ ಇರಲಿಲ್ಲವೆಂಬಂತೆ ಇತ್ತು.

ನಮ್ಮ ಎರಡು ನಿಮಿಷಕ್ಕೆ ಮೊದಲ ಬಹುಮಾನ ಬಂತು. ತೀರ್ಪುಗಾರರಾಗಿ ಬಂದವರು ವೇದಿಕೆಯ ಮೇಲೆ, ಆ ಹೆಣ ಎಷ್ಟು ಸಹಜವಾಗಿದೆ ಎಂದು ಹೊಗಳಿದರು. ಸಭಾಂಗಣದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಸಿದ್ದು ನನ್ನ ಪಕ್ಕದಲ್ಲೇ ಕೂತಿದ್ದ. ಅವನೂ ತಟ್ಟಿದ.

ಈಗ ನಾನು ಕುವೆಂಪುನಗರದಲ್ಲಿ ಒಂದು ಸಣ್ಣ ಕೋಣೆ ಮಾಡಿಕೊಂಡು ಮದುವೆಯ ವಿಡಿಯೋಗಳನ್ನು ಎಡಿಟ್ ಮಾಡುತ್ತೇನೆ. ದೊಡ್ಡ ನಿರ್ದೇಶಕನಾಗುವವನು ಅತ್ತೆಯರ ಸೀರೆಯ ಬಣ್ಣ ತಿದ್ದುತ್ತಿದ್ದೇನೆ. ಸಿದ್ದು ಬ್ಯಾಂಕಿನಲ್ಲಿದ್ದಾನೆ, ಕ್ಯಾಮೆರಾ ಮುಟ್ಟುವುದಿಲ್ಲವಂತೆ. ಆ ಫೈಲಿನ ಬಗ್ಗೆ ಬಹಳ ಯೋಚಿಸಿದ್ದೇನೆ. ತಪ್ಪಿ ಬಟನ್ ಒತ್ತಿದ್ದೆ ಎಂದುಕೊಂಡರೂ, ನನ್ನ ಬೆನ್ನನ್ನು ನನ್ನ ಕ್ಯಾಮೆರಾ ಹೇಗೆ ತೆಗೆಯಿತು? ಬೇರೆ ಕ್ಯಾಮೆರಾ ಇರಲಿಲ್ಲ, ಮೊಬೈಲುಗಳು ಡಬ್ಬಿಯಲ್ಲಿದ್ದವು. ಅಳುಕಿದ ಮನಸ್ಸು ಇಲ್ಲದ್ದನ್ನು ಕಂಡಿತು ಎಂದುಕೊಳ್ಳೋಣವೆಂದರೆ, ಅಳುಕು ನನಗೆ ಆಗಿನ್ನೂ ಶುರುವೇ ಆಗಿರಲಿಲ್ಲ. ಹೋಗಲಿ, ಅದರ ಸಂಖ್ಯೆಯನ್ನು ನಯನಾ ಕೂಡ ಪಟ್ಟಿಯಲ್ಲಿ ಹುಡುಕಿದ್ದಳಲ್ಲ. ಯಾವ ಕಡೆಯಿಂದ ಹೋದರೂ ದಾರಿ ಮುಚ್ಚಿಕೊಳ್ಳುತ್ತದೆ. ನನಗೆ ಕೊಟ್ಟಿದ್ದನ್ನು ನಾನು ಅಳಿಸಿದೆ ಎಂಬುದು ಮಾತ್ರ ನನಗೆ ಗೊತ್ತು.

ಕಳೆದ ವರ್ಷ ಸಿದ್ದು ಮಗಳಿಗೆ ಹೆಸರಿಡುವ ದಿನ ಕರೆದಿದ್ದ. ತಪ್ಪಿಸಿಕೊಳ್ಳಲಾಗದೆ ಹೋದೆ. ಅದೇ ಕೋಣೆ. ಬುದ್ಧನ ಪಟ ಅದೇ ಮೊಳೆಯಲ್ಲಿತ್ತು. ಅದರ ಕೆಳಗೆ ಅಜ್ಜಿಯ ಫೋಟೋ. ಆಧಾರ್ ಕಾರ್ಡಿನದನ್ನು ದೊಡ್ಡದು ಮಾಡಿಸಿದ್ದು, ಮುಖವೆಲ್ಲ ಮಸುಕು ಮಸುಕು. ಅವರು ನಕ್ಕ ಫೋಟೋ ಮನೆಯಲ್ಲಿ ಒಂದೂ ಇಲ್ಲವಂತೆ.

ಜಯಮ್ಮ ನೀರು ಕೊಟ್ಟು, "ಅವತ್ತು ನಮ್ಮತ್ತೆ ಎದ್ದು ನಕ್ಕಿದ್ರಂತಲ್ಲಪ್ಪ, ಅದು ಎಲ್ಲೂ ಸಿಕ್ಕಲೇ ಇಲ್ವಾ?" ಎಂದು ಕೇಳಿದರು.

ಇಲ್ಲಮ್ಮ ಎಂದೆ.

ಊಟಕ್ಕೆ ಕೂರಿಸುವಾಗ ಅವರು ನನ್ನ ಕುರ್ಚಿಯನ್ನು ಆ ಪಟದ ಗೋಡೆಗೆ ಒತ್ತಿ ಹಾಕಿದರು. ನನ್ನಿಂದ ಅಲ್ಲಿ ಕೂರಲಾಗಲಿಲ್ಲ. ಎದ್ದು, ಕುರ್ಚಿಯನ್ನು ಈಚೆಗೆಳೆದು ತಿರುಗಿಸಿ, ಗೋಡೆಗೆ ಮುಖ ಮಾಡಿ ಕೂತೆ. ಜಯಮ್ಮ ಅದನ್ನು ಗಮನಿಸಿದರು. ಅನ್ನ ಬಡಿಸುತ್ತ ಮಗನ ಕಡೆ ತಿರುಗಿ, "ನೋಡೋ, ಪಟಕ್ಕೆ ಬೆನ್ನು ಹಾಕ್ಬಾರ್ದು ಅಂತ ಎದ್ದು ಕೂತ್ಕಂಡ. ಮೊದ್ಲಿಂದ್ಲೂ ಮರ್ಯಾದಸ್ಥ ಹುಡುಗ ಕಣೋ ಇವ್ನು" ಎಂದರು.